ಹಳೇ ಲ್ಯಾಪ್‌ಟಾಪ್‌ಗೆ ಹೊಸ ಓಎಸ್: ಯಾವುದು ಸುಲಭವಾಗಿದೆ, ಯಾವುದು ಇನ್ನೂ ಆಗಬೇಕಿದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದು ಅಥವಾ ಅದಕ್ಕಿಂತ ಹೊಸದು ಇರಬೇಕು. 2015, 2016ರಲ್ಲಿ ಕೊಂಡ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಗೆರೆಯ ಆಚೆ ಉಳಿದವು. ಅವುಗಳ ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಎಸ್‌ಎಸ್‌ಡಿ ಹಾಕಿಸಿದರೆ ವೇಗವಾಗಿಯೂ ಓಡುತ್ತವೆ. ಗುಜರಿಗೆ ಹಾಕುವಂಥವಲ್ಲ.

ಇಂಥವಕ್ಕೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಿ ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಬಳಸಬಹುದು. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್, ಫೆಡೋರಾ ಅಂತ ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಎಲ್ಲವೂ ಉಚಿತ. ಆದರೂ ಜನ ಹಿಂಜರಿಯುತ್ತಾರೆ. ‘ಅದೆಲ್ಲ ಇಂಜಿನಿಯರ್‌ಗಳಿಗೆ’ ಅನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಈ ಹಿಂಜರಿಕೆಗೆ ಕಾರಣ ಇಲ್ಲದಿಲ್ಲ. ಆದರೆ ಕಾರಣ ಜನ ಅಂದುಕೊಂಡ ಜಾಗದಲ್ಲಿಲ್ಲ. ಓಎಸ್ ಅನ್ನು ಡಿಸ್ಕ್‌ಗೆ ಇಳಿಸುವ ಇನ್‌ಸ್ಟಾಲರ್ ಅನ್ನುವ ಭಾಗ ಸುಲಭವಾಗಿ ಬಹಳ ವರ್ಷವಾಯಿತು. ಉಳಿದ ಕಷ್ಟವೆಲ್ಲ ಅದರ ಹಿಂದೆ ಮುಂದೆ ಇದೆ. ಕಂಪ್ಯೂಟರ್ ಪೆನ್‌ಡ್ರೈವ್‌ನಿಂದ ಶುರುವಾಗುವ ತನಕ ಒಂದು ಪಾಡು. ಡೆಸ್ಕ್‌ಟಾಪ್ ತೆರೆದ ಮೇಲೆ ಮೊದಲ ವಾರ ಇನ್ನೊಂದು ಪಾಡು.

ವಿಂಡೋಸ್‌ ಜೊತೆ ಹೋಲಿಸುವಾಗ ಒಂದು ಮಾತು ನೆನಪಿಡಬೇಕು. ವಿಂಡೋಸ್ ಬಳಸುವವರಲ್ಲಿ ಬಹುಪಾಲು ಜನ ಅದನ್ನು ತಾವಾಗಿ ಹಾಕಿದವರೇ ಅಲ್ಲ. ಅದು ಕೊಳ್ಳುವಾಗಲೇ ಬಂದಿತ್ತು. ಕೆಟ್ಟರೆ ಅಂಗಡಿಗೆ ಒಯ್ದು ‘ಫಾರ್ಮ್ಯಾಟ್ ಮಾಡಿ ಓಎಸ್ ಹಾಕಿಕೊಡಿ’ ಅಂದರು. ಹಾಗಾಗಿ ಲಿನಕ್ಸ್ ಹಾಕಲು ಕೂತವರು ಎಷ್ಟೋ ಸಲ ಜೀವನದಲ್ಲಿ ಮೊದಲ ಬಾರಿಗೆ ಒಂದು ಓಎಸ್ ಹಾಕುತ್ತಿರುತ್ತಾರೆ. ಅವರ ಭಯ ಲಿನಕ್ಸ್‌ಗಿಂತ ಜಾಸ್ತಿ, ಡಿಸ್ಕ್ ಅಳಿಸಿಹೋದೀತು ಅನ್ನುವುದಕ್ಕೆ. ಅದು ಸರಿಯಾದ ಭಯವೇ.

ಕೇಳುವ ಪ್ರಶ್ನೆಗಳು ಕಡಿಮೆಯಾದ ಕಥೆ

ಓಎಸ್ ಹಾಕುವುದು ಅಂದರೆ ಒಳಗೆ ಆಗುವುದೇನು? ಹೊರಗಿನ ಡಿಸ್ಕ್‌ನಿಂದ ಒಂದು ಪುಟ್ಟ ವ್ಯವಸ್ಥೆ ಮೆಮೊರಿಗೆ ಬರುತ್ತದೆ. ಅದು ಕಂಪ್ಯೂಟರ್‌ನಲ್ಲಿ ಏನೇನಿದೆ ಅಂತ ನೋಡುತ್ತದೆ. ಡಿಸ್ಕ್‌ನಲ್ಲಿ ಜಾಗ ಮಾಡುತ್ತದೆ, ಕಡತಗಳನ್ನು ಅಲ್ಲಿಗೆ ಇಳಿಸುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಹೊಸ ಓಎಸ್ ಏಳುವಂತೆ ಬೂಟ್‌ಲೋಡರ್ ಬರೆಯುತ್ತದೆ. 1993ರಲ್ಲೂ ಇಷ್ಟೇ, ಇವತ್ತೂ ಇಷ್ಟೇ. ಬದಲಾಗಿದ್ದು ಈ ದಾರಿಯಲ್ಲಿ ನಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತದೆ ಅನ್ನುವುದು.

1993ರಲ್ಲಿ ಬಂದ ಸ್ಲಾಕ್‌ವೇರ್ ಅನ್ನುವ ಲಿನಕ್ಸ್ 24 ಫ್ಲಾಪಿಗಳ ಕಟ್ಟು. ಒಂದಾದ ಮೇಲೊಂದು ಹಾಕುತ್ತಾ ಹೋಗಬೇಕು, ನಡುವೆ ಒಂದು ಫ್ಲಾಪಿ ಕೆಟ್ಟಿದ್ದರೆ ಮತ್ತೆ ಮೊದಲಿಂದ. ಅದು ಮುಗಿದರೂ ಕಾಣುವುದು ಕಪ್ಪು ಪರದೆ. ಚಿತ್ರ, ಕಿಟಕಿ ಬರಬೇಕಾದರೆ ಎಕ್ಸ್‌ಫ್ರೀ86 ಅನ್ನುವ ತಂತ್ರಾಂಶ ಹೊಂದಿಸಬೇಕಿತ್ತು. ಅದು ನಿಮ್ಮ ಮಾನಿಟರ್‌ನ ಅಡ್ಡ ಆವರ್ತನ ಎಷ್ಟು, ಲಂಬ ಆವರ್ತನ ಎಷ್ಟು ಅಂತ ಕೇಳುತ್ತಿತ್ತು. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರ್ ಸುಟ್ಟುಹೋಗಬಹುದು ಅನ್ನುವ ಎಚ್ಚರಿಕೆ ಬೇರೆ. ಆಗಿನ ಕೆಲವು ಮಾನಿಟರ್‌ಗಳ ಮಟ್ಟಿಗೆ ಆ ಮಾತು ನಿಜವಾಗಿತ್ತು.

1999ರಲ್ಲಿ ಕಾಲ್ಡೆರಾ ಕಂಪನಿ ತನ್ನ ಓಪನ್‌ಲಿನಕ್ಸ್ 2.2ಕ್ಕೆ ಲಿಝರ್ಡ್ ಅನ್ನುವ ಚಿತ್ರರೂಪದ ಇನ್‌ಸ್ಟಾಲರ್ ತಂದಿತು. ಕಡತಗಳು ಇಳಿಯುವ ಹೊತ್ತಿಗೆ ಸುಮ್ನೆ ಕೂರಬೇಡಿ ಅಂತ ಅದರಲ್ಲಿ ಟೆಟ್ರಿಸ್ ಆಟ ಇಟ್ಟಿದ್ದರು. ನೋಡುವುದಕ್ಕೆ ಆಟ, ಆದರೆ ಅದರ ಹಿಂದೆ ಒಂದು ಮುಖ್ಯ ವಿಚಾರ ಇತ್ತು. ಪ್ರಶ್ನೆಗಳನ್ನೆಲ್ಲ ಮೊದಲೇ ಕೇಳಿ ಮುಗಿಸು, ಆಮೇಲೆ ಬಳಸುವವರನ್ನು ಕಾಯಿಸಬೇಡ, ಕಾಡಬೇಡ.

ನನ್ನ ಪ್ರಕಾರ ದೊಡ್ಡ ತಿರುವು ಬಂದದ್ದು 2000ದಲ್ಲಿ. ಜರ್ಮನಿಯ ಕ್ಲಾಸ್ ಕ್ನಾಪರ್ ಅವರ ಕ್ನಾಪಿಕ್ಸ್ ಅನ್ನುವ ಲಿನಕ್ಸನ್ನು ಡಿಸ್ಕ್‌ಗೆ ಹಾಕಿಕೊಳ್ಳುವ ಅಗತ್ಯವೇ ಇರಲಿಲ್ಲ. ಸಿಡಿ ಹಾಕಿ ಆನ್ ಮಾಡಿದರೆ ಪೂರ್ತಿ ಡೆಸ್ಕ್‌ಟಾಪ್ ನೇರವಾಗಿ ಎದ್ದು ಬರುತ್ತಿತ್ತು. ಸಿಡಿ ತೆಗೆದು ರೀಸ್ಟಾರ್ಟ್ ಮಾಡಿದರೆ ನಿಮ್ಮ ಹಳೇ ವಿಂಡೋಸ್ ಇದ್ದಲ್ಲೇ ಇರುತ್ತಿತ್ತು. ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಗ್ರಾಫಿಕ್ಸ್ ಎಲ್ಲವನ್ನೂ ಯಾರನ್ನೂ ಕೇಳದೆ ತಾನೇ ಪತ್ತೆ ಹಚ್ಚಬಹುದು ಅಂತ ಅದು ಮಾಡಿ ತೋರಿಸಿತು. ಮಾರ್ಕ್ ಶಟಲ್‌ವರ್ತ್ ಶುರುಮಾಡಿದ ಉಬುಂಟು 2004ರ ಅಕ್ಟೋಬರ್‌ನಲ್ಲಿ ಬಂತು. ಕೇಳಿದವರಿಗೆ ಪೋಸ್ಟ್‌ನಲ್ಲಿ ಪುಕ್ಕಟೆ ಸಿಡಿ ಕಳಿಸುವ ಅವರ ಯೋಜನೆ 2011ರ ತನಕ ನಡೆಯಿತು. ನಿಧಾನ ಇಂಟರ್ನೆಟ್‌ನ ಆ ಕಾಲದಲ್ಲಿ ನಮ್ಮ ಊರುಗಳ ಕಾಲೇಜು ಹುಡುಗರಿಗೆ ಲಿನಕ್ಸ್ ಮುಟ್ಟಿದ್ದರಲ್ಲಿ ಆ ಸಿಡಿಗಳ ಪಾಲು ದೊಡ್ಡದು. 2006ರ ಜೂನ್‌ನಲ್ಲಿ ಬಂದ ಉಬುಂಟು 6.06ರಲ್ಲಿ ನೋಡುವ ಸಿಡಿ, ಹಾಕುವ ಸಿಡಿ ಎರಡೂ ಒಂದೇ ಆದವು. ಮೊದಲು ಡೆಸ್ಕ್‌ಟಾಪ್ ಬಳಸಿ ನೋಡಿ, ಇಷ್ಟವಾದರೆ ಅಲ್ಲೇ ಇರುವ ಐಕಾನ್ ಒತ್ತಿ ಹಾಕಿಕೊಳ್ಳಿ. ಇವತ್ತಿನ ಹೆಚ್ಚಿನ ಲಿನಕ್ಸ್‌ಗಳದ್ದು ಇದೇ ಪದ್ಧತಿ.

ಸುಲಭವಾದದ್ದಕ್ಕೆ ಅಂದದ ಕಿಟಕಿಗಳು ಕಾರಣ ಅಂತ ಅನ್ನಿಸಬಹುದು. ನಿಜವಾದ ಕೆಲಸ ಆಗಿದ್ದು ಕೆಳಗಡೆ. ಮಾನಿಟರ್‌ಗಳು ತಮ್ಮ ರೆಸಲ್ಯೂಶನ್ ಎಷ್ಟು ಅಂತ ಕೇಬಲ್‌ ಮೂಲಕ ತಾವೇ ಹೇಳಲು ಕಲಿತವು. ಓಎಸ್‌ನ ತಿರುಳಾದ ಕರ್ನಲ್ ಪ್ರತಿ ಬಿಡಿಭಾಗದ ಗುರುತಿನ ಸಂಖ್ಯೆ ಓದಿ ಸರಿಯಾದ ಡ್ರೈವರ್ ಎಳೆದುಕೊಳ್ಳಲು ಕಲಿಯಿತು. ವೈಫೈ ಹುಡುಕಿ ಜೋಡಿಸುವ ಕೆಲಸವನ್ನು ನೆಟ್‌ವರ್ಕ್ ಮ್ಯಾನೇಜರ್ ವಹಿಸಿಕೊಂಡಿತು. ಯಂತ್ರಕ್ಕೇ ಗೊತ್ತಾಗುವಂಥದ್ದನ್ನು ಮನುಷ್ಯರನ್ನು ಕೇಳುವುದು ನಿಂತಿತು. ಸುಲಭ ಅನ್ನುವುದಕ್ಕೆ ನಾನು ಹಿಡಿಯುವ ಅಳತೆ ಇದೇ. ತಾನೇ ಕಂಡುಕೊಳ್ಳಬಹುದಾದದ್ದನ್ನು ಕೇಳಬಾರದು. ಆಮೇಲೆ ಬದಲಿಸಬಹುದಾದದ್ದನ್ನು ಆಮೇಲೆ ಕೇಳಬೇಕು. ವಾಪಸ್ ಪಡೆಯಲಾಗದ ತೀರ್ಮಾನ ಇದ್ದರೆ ಅದೊಂದನ್ನು ನಿಧಾನವಾಗಿ, ತಿಳಿಯುವಂತೆ ಕೇಳಬೇಕು.

ಇನ್‌ಸ್ಟಾಲರ್‌ಗೆ ಮುಂಚಿನ ಪಾಡು

ಮೊದಲ ಎಡವು ಪೆನ್‌ಡ್ರೈವ್ ಹತ್ತಿರವೇ. ಡೌನ್‌ಲೋಡ್ ಆದ ಐಎಸ್‌ಒ ಫೈಲನ್ನು (ಇಡೀ ಓಎಸ್ ಇರುವ ಒಂದೇ ಫೈಲ್) ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ರೂಫಸ್ ಅಥವಾ ಎಚ್ಚರ್ ಥರದ ಒಂದು ಸಣ್ಣ ತಂತ್ರಾಂಶದಿಂದ ‘ಬರೆಯಬೇಕು’. ಹಾಗೆ ಬರೆದಾಗ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಿಂಟ್ ಸುಮಾರು 3 ಜಿಬಿ, ಉಬುಂಟು 6 ಜಿಬಿಯಷ್ಟು. ಹಾಗಾಗಿ 8 ಜಿಬಿಯದ್ದು ಸಾಕು. ವೆಂಟಾಯ್ ಅಂತ ಇನ್ನೊಂದಿದೆ. ಅದನ್ನು ಒಂದು ಸಲ ಹಾಕಿಟ್ಟರೆ ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸಾದಾ ಕಾಪಿ ಮಾಡಿದರೂ ನಡೆಯುತ್ತದೆ. ಎರಡು ಮೂರು ಲಿನಕ್ಸ್ ನೋಡಿ ಆರಿಸಬೇಕು ಅನ್ನುವವರಿಗೆ ಒಳ್ಳೆಯದು.

ಎರಡನೆಯದು ಬೂಟ್ ಮೆನು, ಅಂದರೆ ಯಾವ ಡಿಸ್ಕ್‌ನಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ. ಆನ್ ಮಾಡಿದ ತಕ್ಷಣ ಯಾವ ಕೀ ಒತ್ತಬೇಕು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಇವತ್ತಿನ ಲ್ಯಾಪ್‌ಟಾಪ್‌ಗಳು ಎಷ್ಟು ಬೇಗ ಏಳುತ್ತವೆ ಅಂದರೆ ಕೀ ಒತ್ತುವಷ್ಟರಲ್ಲಿ ವಿಂಡೋಸ್ ಬಂದುಬಿಟ್ಟಿರುತ್ತದೆ. ಇದಕ್ಕೊಂದು ಸುಲಭದ ದಾರಿ ಇದೆ, ಗೊತ್ತಿರುವವರು ಕಡಿಮೆ. ವಿಂಡೋಸ್ ಒಳಗೇ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಮೆನು ಬರುತ್ತದೆ. ಅದರಲ್ಲಿ ‘ಯೂಸ್ ಎ ಡಿವೈಸ್’ ಆರಿಸಿದರೆ ಪೆನ್‌ಡ್ರೈವ್ ಹೆಸರು ಸಿಗುತ್ತದೆ. ಗಡಿಬಿಡಿಯಲ್ಲಿ ಕೀ ಕುಟ್ಟುವ ಕೆಲಸ ಇಲ್ಲ.

ಮೂರನೆಯದು ಸೆಕ್ಯೂರ್ ಬೂಟ್. 2012ರಲ್ಲಿ ವಿಂಡೋಸ್ 8 ಜೊತೆ ಇದು ಎಲ್ಲ ಕಡೆ ಬಂತು. ಒಪ್ಪಿಗೆಯ ಸಹಿ ಇರುವ ಬೂಟ್‌ಲೋಡರ್ ಮಾತ್ರ ಏಳಬೇಕು ಅನ್ನುವುದು ಇದರ ನಿಯಮ. ಬೂಟ್ ಹಂತದಲ್ಲೇ ಸೇರಿಕೊಳ್ಳುವ ವೈರಸ್‌ಗಳಿಗೆ ಇದು ತಡೆ. ಆಗ ಲಿನಕ್ಸ್ ಮುಗಿಯಿತು ಅಂತ ಎಷ್ಟೋ ಜನ ಹೆದರಿದ್ದರು. ಶಿಮ್ ಅನ್ನುವ ಪುಟ್ಟ ಬೂಟ್‌ಲೋಡರ್ ಮಾಡಿ ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಪಡೆದು ಈ ಸಮಸ್ಯೆ ಬಿಡಿಸಿದರು. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್‌ಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಆದರೆ ಇಲ್ಲೇ ಒಂದು ಕೆಟ್ಟ ವಿನ್ಯಾಸ ಉಳಿದುಕೊಂಡಿದೆ. ನಿಮ್ಮ ಯಂತ್ರದಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡೋ, ಬೇರೆ ಡ್ರೈವರ್ ಬೇಡುವ ವೈಫೈ ಚಿಪ್ಪೋ ಇದ್ದರೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಬಹುದು. ಯಾಕೆ ಅಂತ ಅದು ಸರಿಯಾಗಿ ಹೇಳುವುದಿಲ್ಲ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ಹತ್ತು ಸೆಕೆಂಡ್ ಎಣಿಸಲು ಶುರುಮಾಡುತ್ತದೆ. ಆ ಹತ್ತು ಸೆಕೆಂಡ್‌ನಲ್ಲಿ ಒಂದು ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಹಾಗೆ ಮಾಡಿದರೆ ಹೊಸ ಡ್ರೈವರ್‌ನ ಸಹಿಯನ್ನು ಯಂತ್ರ ಒಪ್ಪಿಕೊಳ್ಳುತ್ತದೆ. ನೋಡದೆ ಬಿಟ್ಟರೆ ಆ ಡ್ರೈವರ್ ಕೆಲಸ ಮಾಡುವುದಿಲ್ಲ, ಯಾಕೆ ಮಾಡುತ್ತಿಲ್ಲ ಅಂತಲೂ ಯಾರೂ ಹೇಳುವುದಿಲ್ಲ. ಮೊದಲ ಸಲ ಓಎಸ್ ಹಾಕುವವರ ಮುಂದೆ ಇಂಥ ಪರದೆ ಇಡುವುದು ತಪ್ಪು. ಕೊನೇಪಕ್ಷ ‘ಮುಂದೆ ನೀಲಿ ಪರದೆ ಬರುತ್ತದೆ, ಹೀಗೆ ಮಾಡಿ’ ಅಂತ ಒಂದು ಪುಟ ಚಿತ್ರ ಸಮೇತ ತೋರಿಸಬಹುದಿತ್ತು, ಅಲ್ವಾ?

ಡೆಬಿಯನ್‌ನಲ್ಲಿ ಇಂಥದ್ದೇ ಒಂದು ಮುಳ್ಳು ಬಹಳ ಕಾಲ ಇತ್ತು. ವೈಫೈ ಚಿಪ್‌ಗೆ ಬೇಕಾದ ಫರ್ಮ್‌ವೇರ್ (ಚಿಪ್‌ನ ಒಳಗೇ ಓಡುವ ಪುಟ್ಟ ತಂತ್ರಾಂಶ) ಮುಕ್ತ ತಂತ್ರಾಂಶ ಅಲ್ಲ ಅನ್ನುವ ಕಾರಣಕ್ಕೆ ಅದನ್ನು ಮುಖ್ಯ ಸಿಡಿಯಲ್ಲಿ ಸೇರಿಸುತ್ತಿರಲಿಲ್ಲ. ವೈಫೈ ಬರಬೇಕಾದರೆ ಫರ್ಮ್‌ವೇರ್ ಇಳಿಸಿಕೊಳ್ಳಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಇದನ್ನು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಒಳಗೇ ಬರುತ್ತದೆ. ತತ್ವದ ವಿಚಾರದಲ್ಲಿ ಇದು ಅವರಿಗೆ ಹಗುರವಾದ ತೀರ್ಮಾನ ಆಗಿರಲಿಲ್ಲ. ಬಳಸುವವರ ಕಡೆಯಿಂದ ನೋಡಿದರೆ ಅವರು ಮಾಡಿದ್ದು ಸರಿ ಅಂತ ನನಗನ್ನಿಸುತ್ತದೆ.

ಪೆನ್‌ಡ್ರೈವ್‌ನಿಂದ ಡೆಸ್ಕ್‌ಟಾಪ್ ಎದ್ದ ಮೇಲೆ ಕೂಡಲೇ ‘ಇನ್‌ಸ್ಟಾಲ್’ ಒತ್ತಬೇಡಿ. ಅರ್ಧ ಗಂಟೆ ಬಳಸಿ ನೋಡಿ. ವೈಫೈ ಸಿಗುತ್ತದಾ, ಸ್ಪೀಕರ್‌ನಲ್ಲಿ ಸದ್ದು ಬರುತ್ತದಾ, ಕ್ಯಾಮೆರಾ ಕಾಣುತ್ತದಾ, ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನಿಂದ ಪುಟ ಸರಿಯುತ್ತದಾ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದಾ? ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ಇಡಬೇಡಿ. ಇಲ್ಲಿ ನಡೆದದ್ದು ಹಾಕಿದ ಮೇಲೂ ನಡೆಯುತ್ತದೆ. ಇಲ್ಲಿ ನಡೆಯದೆ ಇದ್ದದ್ದಕ್ಕೆ ಪರಿಹಾರ ಇದೆಯಾ ಅಂತ ಮೊದಲೇ ಹುಡುಕಿಕೊಳ್ಳಬಹುದು.

ಡಿಸ್ಕ್: ನಿಧಾನ ಮಾಡಬೇಕಾದ ಒಂದೇ ಜಾಗ

ಇನ್‌ಸ್ಟಾಲರ್ ಕೇಳುವ ಉಳಿದ ಪ್ರಶ್ನೆಗಳು ಸಣ್ಣವು. ಭಾಷೆ, ಕೀಬೋರ್ಡ್, ವೈಫೈ, ಹೆಸರು, ಪಾಸ್‌ವರ್ಡ್. ಸಮಯ ವಲಯದ ಪಟ್ಟಿಯಲ್ಲಿ ಬೆಂಗಳೂರು ಹುಡುಕಿ ಸಿಗದೆ ಗಲಿಬಿಲಿಯಾಗುವವರಿದ್ದಾರೆ. ಭಾರತಕ್ಕೆಲ್ಲ ಒಂದೇ ವಲಯ, ಅದರ ಹೆಸರು ಕೋಲ್ಕತ್ತಾ. ಅದನ್ನೇ ಆರಿಸಿ. ಕೀಬೋರ್ಡ್‌ಗೆ ಇಂಗ್ಲಿಷ್ ಇಟ್ಟುಕೊಳ್ಳಿ, ಕನ್ನಡವನ್ನು ಆಮೇಲೆ ಸೇರಿಸಬಹುದು. ಪಾಸ್‌ವರ್ಡ್ ಯಾವ ಕೀಬೋರ್ಡ್‌ನಲ್ಲಿ ಹೊಡೆದೆ ಅನ್ನುವ ಗೊಂದಲ ಆಗ ಬರುವುದಿಲ್ಲ.

ಡಿಸ್ಕ್ ವಿಚಾರ ಬೇರೆ. ವಿಂಡೋಸ್ ಇರುವ ಲ್ಯಾಪ್‌ಟಾಪ್‌ನ ಡಿಸ್ಕ್ ಅಂದರೆ ಮನೆ ಕಟ್ಟಿರುವ ಸೈಟ್ ಇದ್ದ ಹಾಗೆ. ಒಂದು ಮೂಲೆಯಲ್ಲಿ 100 ಎಂಬಿ ಆಸುಪಾಸಿನ ಬೂಟ್ ವಿಭಾಗ, ದೊಡ್ಡದಾದ ಸಿ ಡ್ರೈವ್, ಕೊನೆಯಲ್ಲಿ ರಿಕವರಿ ವಿಭಾಗ. ಲಿನಕ್ಸ್‌ಗೆ ಜಾಗ ಬೇಕಾದರೆ ಎರಡೇ ದಾರಿ. ಇರುವ ಮನೆ ಕೆಡವಿ ಪೂರ್ತಿ ಸೈಟ್ ಕೊಡುವುದು, ಇಲ್ಲವೇ ಹಿತ್ತಲನ್ನು ಬೇಲಿ ಹಾಕಿ ಬೇರೆ ಮಾಡುವುದು. ಇನ್‌ಸ್ಟಾಲರ್‌ಗಳಲ್ಲಿ ಮೊದಲನೆಯದಕ್ಕೆ ‘ಇರೇಸ್ ಡಿಸ್ಕ್’ ಅಂತ ಇರುತ್ತದೆ, ಎರಡನೆಯದಕ್ಕೆ ‘ಅಲಾಂಗ್‌ಸೈಡ್’ ಅಂತ. ಮೂರನೆಯ ‘ಮ್ಯಾನ್ಯುಯಲ್’ ಆಯ್ಕೆ ಗೊತ್ತಿರುವವರಿಗೆ.

ಆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇನ್ನು ಬೇಡ ಅಂತ ಗಟ್ಟಿ ಇದ್ದರೆ ‘ಇರೇಸ್’ ಅತ್ಯಂತ ಸುಲಭ, ತಪ್ಪುಗಳಿಗೆ ಅವಕಾಶವೂ ಕಡಿಮೆ. ಫೋಟೋ, ಕಾಗದಪತ್ರ ಎಲ್ಲವನ್ನೂ ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಆ ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಫೈಲ್‌ಗಳು ನಿಜವಾಗಿ ತೆರೆಯುತ್ತವಾ ನೋಡಿ, ಆಮೇಲೆ ಅದನ್ನು ಕಳಚಿ ದೂರ ಇಟ್ಟು ಶುರುಮಾಡಿ. ಕಳಚಿ ಇಡಿ ಅಂದಿದ್ದಕ್ಕೆ ಕಾರಣ ಇದೆ. ‘ಯಾವ ಡಿಸ್ಕ್ ಅಳಿಸಬೇಕು’ ಅನ್ನುವ ಪಟ್ಟಿಯಲ್ಲಿ ಅದೂ ಕಾಣಿಸಿಕೊಂಡರೆ ಕೈತಪ್ಪಿ ಅದನ್ನೇ ಆರಿಸುವ ಅಪಾಯ ಇದೆ.

ಎರಡೂ ಇರಲಿ ಅನ್ನುವವರು ವಿಂಡೋಸ್ ಒಳಗೆ ಮೊದಲು ಒಂದಿಷ್ಟು ಕೆಲಸ ಮಾಡಬೇಕು. ಡಿಸ್ಕನ್ನು ಗುಪ್ತಲಿಪಿಗೆ ಬದಲಿಸುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ನಾನು ಆನ್ ಮಾಡಿಲ್ಲ ಅಂತ ಬಿಡಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಅದು ತಾನಾಗಿಯೇ ಆನ್ ಆಗುತ್ತದೆ. ಡಿಸ್ಕ್ ಪೂರ್ತಿ ಗುಪ್ತಲಿಪಿಯಲ್ಲಿ ಇರುವಾಗ ಲಿನಕ್ಸ್ ಇನ್‌ಸ್ಟಾಲರ್ ಸಿ ಡ್ರೈವನ್ನು ಕುಗ್ಗಿಸಲಾರದು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸೆಕ್ಯೂರ್ ಬೂಟ್ ಸೆಟ್ಟಿಂಗ್ ಅಥವಾ ಬೂಟ್ ಕ್ರಮ ಬದಲಾದರೆ ವಿಂಡೋಸ್ ಮುಂದಿನ ಸಲ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇದೊಂದನ್ನು ಮಾಡದೆ ತಮ್ಮ ಫೈಲ್‌ಗಳಿಂದಲೇ ಹೊರಗೆ ಉಳಿದವರಿದ್ದಾರೆ.

ಆಮೇಲೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ‘ಶಟ್‌ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಸಿ ಡ್ರೈವ್ ಮುಟ್ಟುವುದು ಅಪಾಯ. ಜಾಗ ಕುಗ್ಗಿಸುವುದನ್ನೂ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ 50 ಜಿಬಿಯೋ 100 ಜಿಬಿಯೋ ಖಾಲಿ ಬಿಡುವುದು ಒಳ್ಳೆಯದು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ (ಓಎಸ್ ಏಳುವ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್) ಇಂಟೆಲ್ ಆರ್‌ಎಸ್‌ಟಿ ಅನ್ನುವ ಡಿಸ್ಕ್ ವ್ಯವಸ್ಥೆ ಆನ್ ಇರಬಹುದು. ಅದನ್ನು ಸುಮ್ನೆ ಬದಲಿಸಿಬಿಟ್ಟರೆ ವಿಂಡೋಸ್ ಏಳದೆ ಹೋಗಬಹುದು. ಎರಡೂ ಬೇಕು ಅನ್ನುವವರು ಈ ಹಂತದಲ್ಲಿ ತಿಳಿದವರನ್ನು ಕರೆಯುವುದೇ ಸರಿ.

ಒಳ್ಳೆಯ ಇನ್‌ಸ್ಟಾಲರ್ ಇಲ್ಲಿ ಏನು ಮಾಡುತ್ತದೆ ಅನ್ನುವುದನ್ನು ಕ್ಯಾಲಮಾರೆಸ್‌ನಲ್ಲಿ ನೋಡಬಹುದು. ಮಂಜಾರೊ, ಲುಬುಂಟು ಮೊದಲಾದ ಹಲವು ಲಿನಕ್ಸ್‌ಗಳು ಬಳಸುವ ಇನ್‌ಸ್ಟಾಲರ್ ಅದು. ಡಿಸ್ಕ್ ಈಗ ಹೀಗಿದೆ, ಆಮೇಲೆ ಹೀಗಾಗುತ್ತದೆ ಅಂತ ಎರಡು ಬಣ್ಣದ ಪಟ್ಟಿ ಒಂದರ ಕೆಳಗೊಂದು ತೋರಿಸುತ್ತದೆ. ಕೊನೆಯ ಪುಟದಲ್ಲಿ ಎಲ್ಲವನ್ನೂ ಮತ್ತೊಮ್ಮೆ ಓದಿ ಹೇಳಿ, ನೀವು ಒಪ್ಪಿದ ಮೇಲಷ್ಟೇ ಡಿಸ್ಕ್ ಮುಟ್ಟುತ್ತದೆ. ಅಲ್ಲಿಯ ತನಕ ಹಿಂದೆ ಹೋಗಿ ಬದಲಿಸಬಹುದು, ಬಿಟ್ಟು ಎದ್ದು ಹೋಗಬಹುದು. ಹೆದರಿಕೆ ಇರುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಎರಡು ಓಎಸ್ ಇಟ್ಟುಕೊಂಡವರಿಗೆ ಆಮೇಲೆ ಒಂದು ವಿಚಿತ್ರ ಕಾಣುತ್ತದೆ. ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರ ಕೆಟ್ಟಿಲ್ಲ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತದೆ. ಭಾರತಕ್ಕೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಸ್ಥಳೀಯ ಸಮಯವನ್ನೇ ಬರೆ ಅಂತ ಲಿನಕ್ಸ್‌ಗೆ ಒಂದು ಸಲ ಹೇಳಿದರೆ ಸರಿಹೋಗುತ್ತದೆ.

ಡೆಸ್ಕ್‌ಟಾಪ್ ಬಂತು, ಕನ್ನಡ ಎಲ್ಲಿ?

ಮೊದಲ ವಾರದ ಪಾಡು ಇಲ್ಲಿಂದ. ಕನ್ನಡ ಓದಲು ಏನೂ ಮಾಡಬೇಕಿಲ್ಲ. ನೋಟೋ ಅಥವಾ ಲೋಹಿತ್ ಫಾಂಟ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಇದು ತಾನಾಗಿ ಬಂದ ಸೌಲಭ್ಯ ಅಲ್ಲ. ಹಳೇ ಅಕ್ಷರ ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ಕನ್ನಡದ ಒತ್ತು, ಗುಣಿತ ಆ ಚೌಕದಲ್ಲಿ ಕೂರುವುದಿಲ್ಲ. ಡೆಬಿಯನ್ ಇನ್‌ಸ್ಟಾಲರ್‌ಗೆ 2007ರಲ್ಲಿ ಚಿತ್ರರೂಪ ಬಂದ ಮೇಲೇ ಭಾರತೀಯ ಲಿಪಿಗಳಿಗೆ ದಾರಿ ತೆರೆದದ್ದು. ಇವತ್ತು ಅದರ ಭಾಷಾಪಟ್ಟಿಯಲ್ಲಿ ಕನ್ನಡ ಇದೆ. ಚಿತ್ರರೂಪದ ಇನ್‌ಸ್ಟಾಲರ್ ಆರಿಸಿದರೆ ಮಾತ್ರ ಕಾಣುತ್ತದೆ. ಇಂಗ್ಲಿಷ್ ಓದದವರಿಗೆ ಅದು ಬರೀ ಅಲಂಕಾರ ಆಗಿರಲಿಲ್ಲ, ಬಾಗಿಲೇ ತೆರೆದ ಹಾಗಾಯಿತು.

ಕನ್ನಡ ಬರೆಯುವುದು ಇನ್ನೂ ಅಷ್ಟು ಸಲೀಸಾಗಿಲ್ಲ. ಬೇಕಾದದ್ದೆಲ್ಲ ಒಳಗೇ ಇದೆ, ಆದರೆ ಅಡಗಿ ಕೂತಿದೆ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಕೀಬೋರ್ಡ್‌ನಲ್ಲಿ ಹೊಸ ಇನ್‌ಪುಟ್ ಸೇರಿಸಬೇಕು. ಅಲ್ಲಿ ಸಾದಾ ‘ಕನ್ನಡ’ ಆರಿಸಿದರೆ ಬರುವುದು ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿ ಜೋಡಣೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇಕಾದದ್ದು ‘ಕಗಪ’. ಅದು ಕನ್ನಡ ಕೀಬೋರ್ಡ್ ರೂಪಿಸಿದ ಕೆ. ಪಿ. ರಾವ್ ಅವರ ವಿನ್ಯಾಸದ ದಾರಿಯದ್ದು, ಒತ್ತಕ್ಷರಕ್ಕೆ ಎಫ್ ಕೀ. ಪಟ್ಟಿಯಲ್ಲಿ ಇನ್ನೂ ಒಳಗೆ ಹೋದರೆ ಅದು ಸಿಗುತ್ತದೆ. ಸೂಪರ್ ಕೀ (ವಿಂಡೋಸ್ ಚಿಹ್ನೆಯ ಕೀ) ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ ಅದಲುಬದಲಾಗುತ್ತವೆ. ಇಂಗ್ಲಿಷ್ ಉಚ್ಚಾರದ ಹಾಗೆ ಬರೆದು ಅಭ್ಯಾಸ ಇದ್ದವರು ಐಬಸ್ ಅನ್ನುವ ಟೈಪಿಂಗ್ ವ್ಯವಸ್ಥೆಯ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಐಟ್ರಾನ್ಸ್ ಆರಿಸಬಹುದು.

ಇನ್‌ಸ್ಟಾಲರ್‌ನಲ್ಲಿ ಕನ್ನಡ ಆರಿಸಿದವರಿಗೆ ಇದೆಲ್ಲ ಮೊದಲ ಸಲ ಲಾಗಿನ್ ಆದಾಗಲೇ ಎದುರಿಗೆ ಬರಬೇಕಿತ್ತು. ‘ನೀವು ಯಾವ ಥರ ಕನ್ನಡ ಟೈಪ್ ಮಾಡುತ್ತೀರಿ’ ಅಂತ ಒಂದು ಪ್ರಶ್ನೆ, ಕೆಳಗೆ ಮೂರು ಆಯ್ಕೆ, ಬರೆದು ನೋಡಲು ಒಂದು ಖಾಲಿ ಜಾಗ. ತಾಂತ್ರಿಕವಾಗಿ ದೊಡ್ಡ ಕೆಲಸವೇನಲ್ಲ. ಇನ್‌ಸ್ಟಾಲರ್ ಮಾಡುವವರಿಗೆ ಕನ್ನಡದವರು ಹೇಗೆ ಬರೆಯುತ್ತಾರೆ ಅಂತ ಗೊತ್ತಿಲ್ಲ, ಗೊತ್ತಿರುವ ನಾವು ಅವರಿಗೆ ಹೇಳಿದ್ದು ಕಡಿಮೆ.

ಹಳೇ ನುಡಿ, ಬರಹ ಫೈಲ್‌ಗಳು ಇನ್ನೊಂದು ತೊಡಕು. ಎಲ್ಲ ಯಂತ್ರಗಳೂ ಒಪ್ಪುವ ಯುನಿಕೋಡ್ ಅಕ್ಷರ ಪದ್ಧತಿ ಬರುವ ಮುಂಚಿನ ಫಾಂಟ್‌ಗಳಲ್ಲಿ ಬರೆದವು ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಫೈಲ್ ಹಾಳಾಗಿಲ್ಲ. ವಿಂಡೋಸ್ ಇರುವಾಗಲೇ ಅವನ್ನು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿಟ್ಟುಕೊಂಡರೆ ಮುಂದೆ ಯಾವ ಓಎಸ್‌ನಲ್ಲೂ ತೆರೆಯುತ್ತವೆ.

ಪ್ರಿಂಟರ್‌ಗಳ ಕಥೆ ಎರಡು ಥರ. ವೈಫೈ ಇರುವ ಹೊಸ ಪ್ರಿಂಟರ್‌ಗಳಿಗೆ ಡ್ರೈವರ್ ಬೇಡ, ತಾವಾಗಿ ಕಾಣಿಸಿಕೊಳ್ಳುತ್ತವೆ. ಎಚ್‌ಪಿಯ ಹಲವು ಮಾದರಿಗಳಿಗೆ ಬೇಕಾದದ್ದು ಲಿನಕ್ಸ್ ಜೊತೆಗೇ ಬರುತ್ತದೆ. ಯುಎಸ್‌ಬಿ ಮಾತ್ರ ಇರುವ ಹಳೇ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವು ಬಹಳ ಸತಾಯಿಸುತ್ತವೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗಲೇ ಒಂದು ಪುಟ ಪ್ರಿಂಟ್ ತೆಗೆದು ನೋಡಿ.

ಎಲ್ಲರಿಗೂ ಲಿನಕ್ಸ್ ಹಾಕಿ ಅಂತ ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ದಿನವಿಡೀ ಕೆಲಸ ಮಾಡುವವರು, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಫೋಟೋಶಾಪ್‌ನಲ್ಲೇ ಅನ್ನ ದುಡಿಯುವವರು ವಿಂಡೋಸ್ ಬಿಡುವುದು ಸರಿಯಲ್ಲ. ಬ್ರೌಸರ್, ಯೂಟ್ಯೂಬ್, ಪತ್ರ ಬರೆಯುವುದು, ಮಕ್ಕಳ ಓದು, ಆನ್‌ಲೈನ್ ಬ್ಯಾಂಕ್ ಇಷ್ಟೇ ಇರುವವರಿಗೆ ಯಾವ ಕೊರತೆಯೂ ಆಗುವುದಿಲ್ಲ.

ಯಾರೋ ಒಬ್ಬರು ಮೊದಲೇ ಹೊಂದಿಸಿಟ್ಟರೆ

ನಿಜವಾದ ಸುಲಭ ಅಂದರೆ ಓಎಸ್ ಹಾಕುವ ಕೆಲಸವೇ ಬಳಸುವವರ ತಲೆಗೆ ಬರದಿರುವುದು. ಆಂಡ್ರಾಯ್ಡ್ ಫೋನ್‌ಗಳ ಒಳಗೆ ಇರುವುದೂ ಲಿನಕ್ಸ್ ಕರ್ನಲ್ಲೇ. ಅದನ್ನು ಯಾರೂ ಇನ್‌ಸ್ಟಾಲ್ ಮಾಡಿಕೊಂಡಿಲ್ಲ, ಯಾರಿಗೂ ಕಷ್ಟ ಅನ್ನಿಸಿಲ್ಲ. ಪಕ್ಕದ ಕೇರಳವನ್ನು ನೋಡಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಹೆಸರಲ್ಲಿ ಶುರುವಾಗಿ ಈಗ ಕೈಟ್ ಅನ್ನಿಸಿಕೊಂಡಿರುವ ಸರ್ಕಾರಿ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೇ ಅಂತ ಒಂದು ಲಿನಕ್ಸ್ ಮಾಡಿಕೊಟ್ಟಿತು. ಮಲಯಾಳಂ ಟೈಪಿಂಗ್, ಪಾಠಕ್ಕೆ ಬೇಕಾದ ತಂತ್ರಾಂಶ ಎಲ್ಲ ಮೊದಲೇ ಹೊಂದಿಸಿ, ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟಿತು. ಒಂದು ತಂಡ ಒಂದು ಸಲ ಕೂತು ಮಾಡಿದ ಹೊಂದಾಣಿಕೆ ರಾಜ್ಯದ ತುಂಬ ಶಾಲೆಗಳಿಗೆ ತಲುಪಿತು. ಕಗಪ, ಒಳ್ಳೆಯ ಕನ್ನಡ ಫಾಂಟ್‌ಗಳು, ಹಳೇ ನುಡಿ ಫೈಲ್‌ಗಳ ಪರಿವರ್ತಕ ಎಲ್ಲ ಇಟ್ಟುಕೊಂಡು ಕನ್ನಡಕ್ಕೂ ಇಂಥದ್ದೊಂದು ಆಗಬೇಕು ಅಂತ ನನ್ನ ಆಸೆ.

ಅದು ಆಗುವ ತನಕ ಈ ಕೆಲಸ ಮಾಡಬೇಕಾದವರು ನಮ್ಮ ನಿಮ್ಮಂಥವರೇ. ಅಪ್ಪ ಅಮ್ಮನಿಗೋ, ನೆಂಟರಿಗೋ, ಊರಿನ ಶಾಲೆಗೋ ಹಾಕಿಕೊಡುವವರು ಲಿನಕ್ಸ್ ಮಿಂಟ್‌ನ ಬೂಟ್ ಮೆನುವಿನಲ್ಲಿ ‘ಓಇಎಂ ಇನ್‌ಸ್ಟಾಲ್’ ಅನ್ನುವ ಆಯ್ಕೆ ನೋಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿಯವರಿಗೂ ಇದು ಹೇಳಿಮಾಡಿಸಿದ್ದು. ಎಲ್ಲ ಹಾಕಿ, ಅಪ್‌ಡೇಟ್ ಮಾಡಿ, ಪ್ರಿಂಟರ್, ಕನ್ನಡ ಫಾಂಟ್, ಬೇಕಾದ ತಂತ್ರಾಂಶ ಹೊಂದಿಸಿ, ಡೆಸ್ಕ್‌ಟಾಪ್‌ನಲ್ಲಿರುವ ‘ಪ್ರಿಪೇರ್ ಫಾರ್ ಶಿಪ್ಪಿಂಗ್ ಟು ಎಂಡ್ ಯೂಸರ್’ ಐಕಾನ್ ಒತ್ತಿ ಮುಚ್ಚಿಟ್ಟರೆ ಆಯಿತು. ಪಡೆದುಕೊಂಡವರು ಮೊದಲ ಸಲ ಆನ್ ಮಾಡಿದಾಗ ಹೊಸ ಫೋನಿನ ಹಾಗೆ ತಮ್ಮ ಭಾಷೆ, ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುತ್ತಾರೆ. ಅವರು ಒಳಗೆ ಹೋದ ಮೇಲೆ ಪಕ್ಕದಲ್ಲಿ ಕೂತು ಕಗಪ ಸೇರಿಸಿಕೊಡಿ. ಮಿಂಟ್ ಜೊತೆಗೇ ಬರುವ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ (ಓಎಸ್‌ನ ಆಗಿನ ಸ್ಥಿತಿಯ ಪ್ರತಿ) ಉಳಿಸುವಂತೆ ಹೊಂದಿಸಿ. ಯಾವುದಾದರೂ ಅಪ್‌ಡೇಟ್ ತೊಂದರೆ ಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನು ಅಳಿಸದೆ ಅವರ ಹತ್ತಿರವೇ ಬಿಟ್ಟು ಬನ್ನಿ. ಒಂದು ವಾರ ಕಳೆದ ಮೇಲೆ ಮತ್ತೊಮ್ಮೆ ಹೋಗಿ ಅರ್ಧ ಗಂಟೆ ಕೂರಿ. ಅವರಿಗೆ ಎಲ್ಲಿ ಸಿಕ್ಕಿಕೊಂಡಿತು ಅನ್ನುವುದು ಆಗಲೇ ಗೊತ್ತಾಗುವುದು.